ಸೋತವರ ಪದ್ಧತಿ

ಎದುರುಮನೆಯ ಷಡಕ್ಷರಪ್ಪ ತನ್ನ ಮೇಲೆ ಕನಿಕರಪಟ್ಟ ಎನ್ನುವುದನ್ನು ಜನಾರ್ದನನಿಗೆ ನುಂಗಿಕೊಳ್ಳಲು ಆಗಲೇ ಇಲ್ಲ. ಗೇಟಿನ ಚಿಲಕ ಹಾಕಿ ದುರ್ಗಿಗುಡಿಯ ಆ ಇಕ್ಕಟ್ಟಿನ ಬೀದಿಗೆ ಕಾಲಿಟ್ಟನೋ ಇಲ್ಲವೋ, ಮೆಟ್ಟಿಲ ಮೇಲೆ ಲುಂಗಿಯಲ್ಲಿ ನಿಂತು ಹಲ್ಲುಜ್ಜುತ್ತಿದ್ದ ಆ ಅಡಿಕೆ ಮಂಡಿಯ ಆಸಾಮಿ ಬ್ರಷ್ಷು ಹೊರಗೆ ತೆಗೆದು, ನೊರೆಯನ್ನು ಚರಂಡಿಗೆ ಉಗಿದು, "ಬಿಡಿ ಸಾರ್, ನಿಮ್ಮಂಥ ಒಳ್ಳೆಯವರಿಗೆ ಹೇಳಿ ಮಾಡ್ಸಿದ್ದಲ್ಲ ಇದು. ಆರೋಗ್ಯ ನೋಡ್ಕಳಿ," ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಗುಳಕ್ಕೆ ಉತ್ತರ ಕೊಡುವುದು ಜನಾರ್ದನನಿಗೆ ಗೊತ್ತು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನಾಲಗೆ ಅದು. ಕನಿಕರಕ್ಕೆ ಏನು ಹೇಳುವುದು? "ಹೌದೌದು, ಬಿಸಿಲು ಬೇರೆ ಜಾಸ್ತಿಯಾಗಿತ್ತು ಈ ಸಲ," ಎಂದು ಹಲ್ಲು ಕಿರಿದ. ಬಿಸಿಲಿನಿಂದ ಚುನಾವಣೆ ಸೋತನಂತೆ! ನಾಲ್ಕು ಹೆಜ್ಜೆ ಹೋದಮೇಲೆ ವಾಪಸ್ಸು ಬಂದು ಆ ಬ್ರಷ್ಷನ್ನು ಕಿತ್ತು ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಇಷ್ಟು ವರ್ಷ ಎದುರುಬದುರು ಇದ್ದೂ ಅವನನ್ನು ಒಂದು ಸಲವೂ ಬೈದಿರಲಿಲ್ಲ, ಹೊಗಳಿರಲಿಲ್ಲ, ಅವನ ಮನೆಯ ಕಾಫಿ ಕುಡಿದಿರಲಿಲ್ಲ. ಗೆದ್ದವರ ಬಾವುಟ ಇನ್ನೂ ಅವನ ತಾರಸಿಯ ಮೇಲೆ ನೀರಿನ ಟ್ಯಾಂಕಿಗೆ ಕಟ್ಟಿಕೊಂಡೇ ಇತ್ತು.

ಭದ್ರಾವತಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಿದಿಗೆ ಊರು ದಾಟುವವರೆಗೂ ಅವನು ಜನರ ಮುಖಗಳನ್ನು ನೋಡುತ್ತ, ಇವರಲ್ಲಿ ಎಷ್ಟು ಮಂದಿ ತನಗೆ ಮೋಸ ಮಾಡಿರಬಹುದು ಎಂದು ಯೋಚಿಸಿದ. ಮುಂದಿನ ಸೀಟಿನಲ್ಲಿ ಮಲ್ಲಿಗೆ ಮುಡಿದು ತೂಕಡಿಸುತ್ತಿದ್ದ ಹೆಂಗಸು ಮಾಡಿರಬಹುದು. ಕಂಡಕ್ಟರ್ ಅಂತೂ ಖಂಡಿತ ಮಾಡಿದ್ದಾನೆ, ಚಿಲ್ಲರೆ ಕೊಡುವ ಅವನ ಕೈಯೇ ಹೇಳುತ್ತದೆ. ಭದ್ರಾವತಿ ಕ್ಷೇತ್ರದಲ್ಲಿ ಪ್ರಚಾರ ಮಾಡಿದ ದಿನಗಳಲ್ಲಿ ಇದೇ ಜನ "ನಿಮಗೇ ಹಾಕೋದು ಸಾರ್, ಇನ್ಯಾರಿಗೆ ಹಾಕ್ತೀವಿ?" ಎಂದು ಕೈ ಮುಗಿದಿದ್ದರು. ಅಷ್ಟೂ ಜನ ಹಾಕಿದ್ದಿದ್ದರೆ ಅವನು ಈಗ ವಿಧಾನಸೌಧದಲ್ಲಿರಬೇಕಿತ್ತು, ಠೇವಣಿಯೂ ಉಳಿಯಲಿಲ್ಲ. ಜನಶ್ರಮ ಪಕ್ಷಕ್ಕೆ ಮಾನ್ಯತೆ ಇಲ್ಲದ್ದರಿಂದ ಪ್ರತಿ ಚುನಾವಣೆಗೂ ಒಂದೊಂದು ಚಿಹ್ನೆ. ಒಮ್ಮೆ ಹೊಲಿಗೆ ಯಂತ್ರ, ಒಮ್ಮೆ ಬ್ಯಾಟು. ಈ ಸಲ ಕಲ್ಲಂಗಡಿ. ಒಕ್ಕೂಟ ವ್ಯವಸ್ಥೆಯ ಬಗ್ಗೆ, ಕಾರ್ಮಿಕ ಕಾನೂನಿನ ಬಗ್ಗೆ ಗಂಟಲು ಹರಿದುಕೊಂಡು ಮಾತಾಡಿದ್ದಕ್ಕೆ ಹೊಸಮನೆ ಸರ್ಕಲ್ಲಿನ ಪಡ್ಡೆಗಳು ಕೊಟ್ಟ ಬಿರುದು ಕಲ್ಲಂಗಡಿ ಮೇಷ್ಟ್ರು. ಥೂ! ಈ ಜನಕ್ಕೆ ಇಂಥವರೇ ಆಳಬೇಕು, ಅನುಭವಿಸಲಿ, ಎಂದು ಅವನು ಮನಸ್ಸಿನಲ್ಲೇ ಶಾಪ ಹಾಕಿದ. ಶಾಪ ಹಾಕಿದ್ದು ತಾನು ಸೇವೆ ಮಾಡಲು ಹೊರಟ ಜನಕ್ಕೇ ಎಂಬುದು ತಕ್ಷಣ ಹೊಳೆದು ನಾಚಿಕೆಯಾಯಿತು. ಆದರೆ ಶಾಪವನ್ನು ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

ಇವತ್ತು ಪಕ್ಷದ ಆತ್ಮಾವಲೋಕನ ಸಭೆ. ಪ್ರತಿ ಸೋಲಿನ ನಂತರವೂ ಅದು ದುರ್ಗಿಗುಡಿಯ ಅವನ ಮನೆಯ ಮುಂದಿನ ಕೋಣೆಯಲ್ಲೇ ನಡೆಯುತ್ತಿತ್ತು. ಆ ಕೋಣೆಯೇ ಜಿಲ್ಲಾ ಕಚೇರಿ, ಬಾಗಿಲ ಮೇಲೆ ಬೋರ್ಡೂ ಇದೆ. ಈ ಸಲ ಮಾತ್ರ ಭದ್ರಾವತಿಯ ಸಂಧ್ಯಾ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಆ ಹುಡುಗಿ, ಫೋನ್ ಮಾಡಿ, "ಕಾಗದನಗರದಲ್ಲೇ ಇಟ್ಕೊಂಡಿದೀವಿ ಸಾರ್, ಸಿದ್ದಯ್ಯನವರ ಮನೆ ಮುಂದೆ. ಎಲ್ಲಾರೂ ಇಲ್ಲೇ ಇರೋದಲ್ವಾ, ನೀವೊಬ್ರೇ ಆಕಡೆ," ಎಂದಿದ್ದಳು. ಇಟ್ಕೊಳ್ಳೋಣವಾ ಎಂದು ಕೇಳಿದ್ದಲ್ಲ, ಇಟ್ಕೊಂಡಿದೀವಿ. ಅಧ್ಯಕ್ಷನಿಗೆ ಹೀಗೆ ಹೇಳುತ್ತಾರೆಯೇ? ಬೆಳಿಗ್ಗೆ ಹೆಂಡತಿ ಸರಸ್ವತಿ ಕಾಫಿ ಲೋಟ ಮುಂದಿಡುತ್ತ, "ಹಾಗಾದ್ರೆ ಇವತ್ತು ಉಪ್ಪಿಟ್ಟು ಕೆದಕೋ ಹಾಗಿಲ್ಲ ಅನ್ನಿ," ಎಂದಳು. ಅವಳ ದನಿಯಲ್ಲಿದ್ದ ಹಗುರ ಅವನ ಎದೆಗೆ ನಾಟಿತು. ಅವನು ಪಂಚೆ ಉಟ್ಟು ಹೊರಟಾಗ ಅವಳು ಮತ್ತೆ, "ಕಾಶಿಯಾತ್ರೆಗೆ ಹೊರಟ್ರೋ?" ಎಂದಳು.

ಅವಳು ಹಾಗೆ ಹಂಗಿಸುವುದಕ್ಕೆ ಕಾರಣವಿತ್ತು. ಸೋತಾಗಲೆಲ್ಲ ಅವರ ಪಕ್ಷದಲ್ಲಿ ಒಂದು ಪದ್ಧತಿ. ಅಧ್ಯಕ್ಷ ಎದ್ದುನಿಂತು, "ಸೋಲಿನ ಹೊಣೆ ಪೂರ್ತಿ ನನ್ನದು. ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ," ಎನ್ನಬೇಕು. ಬರೆದು ಕೊಡುವುದಿಲ್ಲ, ಬಾಯಲ್ಲಿ ಹೇಳುವುದು ಅಷ್ಟೆ. ಆಗ ಪಕ್ಷದ ಹಿರಿಯ ಸಿದ್ದಯ್ಯ ಹೆಗಲ ಟವೆಲ್ಲು ಸರಿಮಾಡಿಕೊಂಡು ಎದ್ದು, "ಸಾಧ್ಯವೇ ಇಲ್ಲ. ಸೋಲು ಎಲ್ಲರದ್ದು. ನೀವೇ ಮುಂದುವರೀಬೇಕು," ಎನ್ನಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಜನಾರ್ದನ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತು, ಕನ್ನಡಕ ಒರೆಸಿಕೊಂಡು, "ನಿಮ್ಮ ಪ್ರೀತಿಗೆ ಕಟ್ಟುಬಿದ್ದು," ಎನ್ನಬೇಕು. ಆಮೇಲೆ ಉಪ್ಪಿಟ್ಟು, ಕೇಸರಿಬಾತು. ಮದುವೆಮನೆಯಲ್ಲಿ ಕೊಡೆ ಹಿಡಿದು ಕಾಶಿಗೆ ಹೊರಟ ಮದುಮಗನನ್ನು ಮಾವ ಓಡಿಹೋಗಿ ತಡೆಯುವ ಹಾಗೆ ಇದು. ತಡೆಯುತ್ತಾರೆಂದು ಗೊತ್ತಿರುವುದರಿಂದಲೇ ಮದುಮಗ ಹೊರಡುವುದು. ಇದರಲ್ಲಿ ಸುಳ್ಳೇನೂ ಇಲ್ಲ ಎಂದು ಜನಾರ್ದನ ನಂಬಿದ್ದ. ಆ ಮಾತು ಹೇಳುವಾಗ ಪ್ರತಿ ಸಲವೂ ಅವನ ಗಂಟಲು ನಿಜವಾಗಿಯೇ ಕಟ್ಟುತ್ತಿತ್ತು. ನಿನ್ನೆ ಸಂಜೆ ಸಿದ್ದಯ್ಯನಿಗೆ ಎರಡು ಸಲ ಫೋನ್ ಮಾಡಿದ್ದ. ಎತ್ತಿರಲಿಲ್ಲ. ಇವತ್ತು ಅವನ ಬಾಯಿಂದ ಆ ಮಾತು ಬಂದರೆ ಮತ್ತೆ ಐದು ವರ್ಷ ತಾನು ಏನೋ ಒಂದು. ಬಾರದಿದ್ದರೆ ಬರೀ ಪಿಂಚಣಿಯ ಮುದುಕ, ಬೆಳಿಗ್ಗೆ ಷಡಕ್ಷರಪ್ಪನ ಬ್ರಷ್ಷು, ಸಂಜೆ ಪಾರ್ಕಿನ ಬೆಂಚು. ಅಧ್ಯಕ್ಷಗಿರಿ ಬಿಟ್ಟರೆ ತನ್ನ ಹತ್ತಿರ ಬೇರೇನೂ ಇಲ್ಲ ಎಂಬುದು ಭದ್ರಾ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಅವನಿಗೆ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, ಭಯವಾಯಿತು.

ಆಟೋದಲ್ಲಿ ಕಾಗದನಗರಕ್ಕೆ ಹೋಗುವಾಗ ಅವನು ತನ್ನ ಭಾಷಣವನ್ನು ತಲೆಯಲ್ಲೇ ಜೋಡಿಸತೊಡಗಿದ. ಪಕ್ಷದ ಪುನರ್ನಿರ್ಮಾಣ ಹೇಗೆ? ಮೊದಲು ಸೈದ್ಧಾಂತಿಕ ಸ್ಪಷ್ಟತೆ. ಆಮೇಲೆ ಅಧ್ಯಯನ ಶಿಬಿರ, ಗಾಜನೂರಿನ ಹತ್ತಿರ ಎಲ್ಲಾದರೂ, ಎರಡು ದಿನ. ಹೊರಗೆ ಗೇಟು ಮುಚ್ಚಿದ ಕಾಗದದ ಕಾರ್ಖಾನೆ, ಅದರ ಹಿಂದೆ ಸಾಲು ಸಾಲು ಕ್ವಾರ್ಟರ್ಸು, ಅರ್ಧಕ್ಕರ್ಧ ಖಾಲಿ, ಖಾಲಿಯಾದವುಗಳ ಕಿಟಕಿ ಕಿತ್ತುಕೊಂಡು ಹೋಗಿದ್ದಾರೆ, ಅಂಗಳದಲ್ಲಿ ಲಂಟಾನ ಬೆಳೆದಿದೆ. ಒಂದು ಕಾಲಕ್ಕೆ ಪಾಳಿ ಬಿಟ್ಟ ಹೊತ್ತಿಗೆ ಇಲ್ಲಿ ತನ್ನ ಮಾತು ಕೇಳಲು ಸೈಕಲ್ಲು ಹಿಡಿದು ನಿಲ್ಲುತ್ತಿದ್ದರು. ಈಗ ನಲ್ಲಿಯ ಮುಂದೆ ಬಿಂದಿಗೆ ಇಟ್ಟುಕೊಂಡ ಹೆಂಗಸರು ಅವನನ್ನು ನೋಡಿ, ಗುರುತು ಹಿಡಿದು, ಮುಖ ಆಚೆ ತಿರುಗಿಸಿದರು. ನಾಚಿಕೆಯಿಂದ ತಿರುಗಿಸಿದರು ಎಂದುಕೊಂಡು ಅವನು ಸ್ವಲ್ಪ ಸಮಾಧಾನಪಟ್ಟ. ಅವರಲ್ಲೊಬ್ಬಳು, "ಎಲೆಕ್ಷನ್ ಮುಗೀತಲ್ಲ, ಇನ್ನೂ ಯಾಕ್ ಬರ್ತಾನಂತೆ?" ಎಂದು ಅವನಿಗೆ ಕೇಳುವ ಹಾಗೆಯೇ ಹೇಳಿದಳು. ಕಿವಿ ಬಿಸಿಯಾಯಿತು. ಎಣಿಕೆಯ ದಿನವೂ ಹೀಗೇ ಕಿವಿ ಬಿಸಿಯಾಗಿತ್ತು. ಎರಡನೆಯ ಸುತ್ತು ಮುಗಿದಾಗಲೇ ಎಣಿಕೆ ಕೇಂದ್ರದ ಹಿಂದಿನ ಗೇಟಿನಿಂದ ಹೊರಗೆ ಬಂದು, ಫೋನ್ ಆಫ್ ಮಾಡಿ, ಯಾರೂ ಗುರುತು ಹಿಡಿಯದ ಒಂದು ಹೋಟೆಲಿನ ಮೂಲೆಯಲ್ಲಿ ಕೂತಿದ್ದ. ಹಸಿವಿಲ್ಲ ಎಂದುಕೊಂಡೇ ಮಸಾಲೆ ದೋಸೆ ತರಿಸಿದ್ದ. ಅದು ರುಚಿಯಾಗಿತ್ತು. ಅದೇ ಅವನನ್ನು ಇವತ್ತಿಗೂ ಕಾಡುವುದು. ಅಲ್ಲಿ ತನ್ನ ಹೆಸರಿನ ಎದುರು ಒಂದೊಂದೇ ಸುತ್ತು ಮುಗಿಯುತ್ತಿದ್ದಾಗ ತಾನಿಲ್ಲಿ ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡಿದ್ದ.

ಸಿದ್ದಯ್ಯನ ಮನೆ ಮುಂದಿನ ಹೊಂಗೆಮರದ ಕೆಳಗೆ ಜಮಖಾನ ಹಾಸಿತ್ತು. ಹತ್ತು ಹನ್ನೆರಡು ಮಂದಿ ಇದ್ದರು, ಅಷ್ಟೇ ಪಕ್ಷ. ಅವನಿಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಇಟ್ಟಿರುತ್ತಾರೆಂದು ಕಣ್ಣಾಡಿಸಿದ, ಇರಲಿಲ್ಲ. ಮೊಣಕಾಲು ನೋವನ್ನು ತೋರಿಸಿಕೊಳ್ಳದೆ ಜಮಖಾನದ ಮೇಲೆ ಕೂತ. ಸಿದ್ದಯ್ಯ, ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತನಾದವನು, ಪಕ್ಷಕ್ಕೆ ಜನಾರ್ದನನಿಗಿಂತ ಹಳಬ, ಆಚೆ ಅಂಚಿನಲ್ಲಿ ಕೂತಿದ್ದ. "ಬನ್ನಿ ಮೇಷ್ಟ್ರೇ," ಎಂದ, ಕಣ್ಣು ಕೂಡಿಸಲಿಲ್ಲ. ಮೊದಲು ಬಾಯಿ ತೆಗೆದವನು ಆಟೋ ಓಡಿಸುವ ಚೌಡಪ್ಪ. "ನಾನ್ ಹೇಳದು ಇಷ್ಟೆ. ದೊಡ್ಡೋರ ಜೊತೆ ಸೇರ್ಕಂಡು ಬಿಡಣ. ಯಾವ್ದಾರ ಒಂದು ನಿಗಮನೋ ಗಿಗಮನೋ ಕೊಡ್ತಾರೆ. ಕಲ್ಲಂಗಡಿ ಹಿಡ್ಕಂಡು ಎಷ್ಟ್ ದಿನ ಅಲೀತೀರ ಮಾರಾಯ್ರೇ?" ಎಂದ. ಕೆಲವರು ನಕ್ಕರು. ಜನಾರ್ದನನೂ ನಕ್ಕ, ನಕ್ಕು ಚೌಡಪ್ಪನನ್ನು ದ್ವೇಷಿಸಿದ. ಇವನಿಗೆ ಸಿದ್ಧಾಂತ ಅಂದರೆ ಏನು ಗೊತ್ತು? ಇಂಥವರನ್ನು ಕಟ್ಟಿಕೊಂಡು ಕ್ರಾಂತಿ ಮಾಡಬೇಕು! ಸಂಧ್ಯಾ ಮಾತ್ರ ನಗಲಿಲ್ಲ. "ಸೇರೋದಾದ್ರೆ ನೀವು ಸೇರ್ಕಳಿ ಅಣ್ಣ, ಯಾರೂ ಹಿಡ್ಕಂಡಿಲ್ಲ. ಉಳಿಯೋರ ಮಾತು ಮಾತಾಡಣ," ಎಂದಳು. ಚೌಡಪ್ಪ ಗೊಣಗುತ್ತ ಸುಮ್ಮನಾದ. ಅವಳ ಆ ಗಡುಸು ಜನಾರ್ದನನಿಗೆ ಒಂದು ಕ್ಷಣ ಹಿಡಿಸಿತು, ಮರುಕ್ಷಣವೇ ಹೊಟ್ಟೆಕಿಚ್ಚಾಯಿತು. ತಾನು ಹೇಳಬೇಕಿದ್ದ ಮಾತು ಅದು.

ಇನ್ನು ತಡ ಮಾಡಬಾರದೆಂದು ಅವನು ಎದ್ದುನಿಂತ. ಹೇಳಬೇಕಾದ್ದನ್ನು ಹೇಳಿದ. ಸೋಲಿನ ಹೊಣೆ, ಅಧ್ಯಕ್ಷ ಸ್ಥಾನ, ರಾಜೀನಾಮೆ. ಹೇಳಿ ಮುಗಿಸಿ ತಲೆ ತಗ್ಗಿಸಿದ. ಸಿದ್ದಯ್ಯನ ಟವೆಲ್ಲು ಅಲ್ಲಾಡುವ ಸದ್ದಿಗಾಗಿ ಕಾದ. ಎಲ್ಲೋ ಕುಕ್ಕರ್ ಕೂಗಿತು. ಯಾವುದೋ ಮನೆಯಲ್ಲಿ ಟಿವಿ, ತಮಿಳು ಹಾಡು. ಕಾಲಿನ ಹತ್ತಿರ ಕಟ್ಟಿರುವೆಗಳು ಜಮಖಾನದ ಅಂಚು ಹತ್ತಿ ಸಾಲಾಗಿ ಬರುತ್ತಿದ್ದವು. ಎಷ್ಟು ಹೊತ್ತು ಹೀಗೆ ತಗ್ಗಿಸಿಕೊಂಡಿರುವುದು? ಮುದುಕನಿಗೆ ನಿದ್ದೆ ಬಂತೇ? ಮೆಲ್ಲಗೆ ಕಣ್ಣೆತ್ತಿ ನೋಡಿದ. ಸಿದ್ದಯ್ಯ ಎಚ್ಚರವಾಗಿಯೇ ಇದ್ದ. ಜಮಖಾನದ ಒಂದು ದಾರವನ್ನು ಎಳೆದು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

"ಸಾರ್ ಹೇಳಿದ್ದಕ್ಕೆ ಯಾರಾದ್ರೂ ಏನಾದ್ರೂ ಹೇಳ್ತೀರಾ?" ಎಂದಳು ಸಂಧ್ಯಾ.

"ಸಿದ್ದಯ್ಯ," ಎಂದ ಜನಾರ್ದನ. ಕರೆಯಬಾರದಿತ್ತು, ಬಾಯಿ ತಾನೇ ಕರೆದುಬಿಟ್ಟಿತು.

"ಮೇಷ್ಟ್ರೇ, ಈ ಸಲ ನಂಗೆ ಬಾಯಿಗೆ ಬರ್ತಿಲ್ಲ," ಎಂದ ಸಿದ್ದಯ್ಯ ದಾರವನ್ನೇ ನೋಡುತ್ತ. "ಎಣಿಕೆ ದಿನ ನೀವು ಫೋನ್ ಆಫ್ ಮಾಡ್ಕಂಡ್ರಿ. ನಾನು ಏಜೆಂಟು, ಎದ್ದು ಬರೋ ಹಾಗಿಲ್ಲ, ಕೊನೇ ರೌಂಡ್ ತನಕ ಕೂತಿದ್ದೆ. ಅವರು ಪಟಾಕಿ ಹೊಡೀತಿದ್ರು. ಒಬ್ಬ ಹುಡುಗ ಬಂದು ನನ್ನ ಮುಖಕ್ಕೆ ಗುಲಾಲು ಬಳಿದ. ಬಸ್ಸಲ್ಲಿ ಹಂಗೇ ಬಂದೆ, ಗೆದ್ದೋರ ಬಣ್ಣ ಹಚ್ಕಂಡು. ಎಲ್ಲಾರೂ ಕಂಗ್ರಾಟ್ಸ್ ಅಂದ್ರು."

ಜನಾರ್ದನನ ನಾಲಗೆಯ ಮೇಲೆ ಚಟ್ನಿಯ ರುಚಿ ಬಂದಂತಾಯಿತು. ಕ್ಷಮಿಸು ಎನ್ನಬೇಕು ಎಂದು ಗೊತ್ತಿತ್ತು. ಎನ್ನುವ ಬದಲು ಅವನು, "ಅದು ಬೇರೆ ವಿಷಯ, ಸಿದ್ದಯ್ಯ. ಇದು ಪಕ್ಷದ ಪ್ರಶ್ನೆ. ರಾಜೀನಾಮೆ ಅನ್ನೋದು... ಅದು ನಮ್ಮ ಒಂದು ಪದ್ಧತಿ. ನಿಮಗೆಲ್ಲ ಗೊತ್ತಲ್ಲ," ಎಂದ.

"ಪದ್ಧತಿನಾ ಸಾರ್?" ಸಂಧ್ಯಾ ಅವನನ್ನೇ ನೋಡಿದಳು. "ನಾನು ನಿಜ ಅಂದ್ಕೊಂಡೆ."

ಅವಳು ಪಕ್ಷಕ್ಕೆ ಬಂದದ್ದೇ ಈಚೆಗೆ. ಹಿಂದಿನ ಸೋಲಿಗೆ ಅವಳಿರಲಿಲ್ಲ. ನಿಜಕ್ಕೂ ಗೊತ್ತಿಲ್ಲದೆ ಕೇಳಿದಳೋ, ಗೊತ್ತಿದ್ದೇ ಇರಿದಳೋ, ಆ ಮುಖದಲ್ಲಿ ಓದಲು ಆಗಲಿಲ್ಲ. ಜನಾರ್ದನ ಏನೇನೋ ಹೇಳಿದ. ಅನುಭವ ಎಂದ, ಇಂಥ ಹೊತ್ತಲ್ಲಿ ನಾಯಕತ್ವ ಬದಲಾಯಿಸುವುದು ಅಪಾಯ ಎಂದ, ಬೇಕಾದರೆ ರಾಜೀನಾಮೆ ಹಿಂದಕ್ಕೆ ತಗೊಳ್ತೀನಿ ಎಂದೂ ಅಂದುಬಿಟ್ಟ. ಕೊಟ್ಟವನೇ ಇಸಕೊಳ್ಳುವುದು! ಅಂದ ಕೂಡಲೇ ಚೌಡಪ್ಪನ ಮುಖದಲ್ಲಿ ಷಡಕ್ಷರಪ್ಪನ ಅದೇ ಕನಿಕರ ಕಾಣಿಸಿತು. ಅದಾದ ಮೇಲೆ ಅಧ್ಯಕ್ಷ ಸ್ಥಾನಕ್ಕೆ ಸಂಧ್ಯಾಳ ಹೆಸರು ಹೇಳಿದ್ದು, ಕೈ ಎತ್ತಿಸಿದ್ದು, ಎಲ್ಲವೂ ಬೇಗ ಬೇಗ ಆಗಿಹೋಯಿತು. ಅವಳ ಹೆಸರು ಹೇಳಿದ್ದು ಸಿದ್ದಯ್ಯ. ಎದ್ದುನಿಂತು, ಟವೆಲ್ಲು ಸರಿಮಾಡಿಕೊಂಡೇ ಹೇಳಿದ.

ಅವಳು ಅಧ್ಯಕ್ಷೆಯಾದ ಮೇಲೆ ಕೃತಜ್ಞತೆಯ ಭಾಷಣ ಮಾಡಲಿಲ್ಲ. "ಎಮ್ಮೆಲ್ಲೆ ಎಲೆಕ್ಷನ್ ಮಾತು ಇನ್ನು ಐದು ವರ್ಷ ಬೇಡ. ನಗರಸಭೆಗೆ ಒಂದೇ ಒಂದು ವಾರ್ಡು ಗೆಲ್ಲಣ. ಆಫೀಸು ಇಲ್ಲಿಗೆ ಬರ್ಲಿ, ಸಿದ್ದಯ್ಯನವರ ವರಾಂಡಕ್ಕೆ. ಈ ನಲ್ಲಿ ಮುಂದೆ ದಿನಾ ಜಗಳ ಆಗ್ತದಲ್ಲ, ಅಲ್ಲಿಗೆ ನಮ್ಮೋರು ಒಬ್ರು ದಿನಾ ಹೋಗ್ಬೇಕು, ಭಾಷಣಕ್ಕಲ್ಲ. ಮತ್ತೆ ಪ್ರತಿಯೊಬ್ರೂ ಅವರವರ ಬೀದೀಲಿ ಸದಸ್ಯರನ್ನ ಮಾಡ್ಬೇಕು. ಬೇರೆಯೋರ ಬೀದಿಗೆ ಹೋಗೋದು ಸುಲಭ, ಕೈ ಮುಗಿದು ಬಂದ್ಬಿಡಬಹುದು." ಇಷ್ಟು ಹೇಳಿ ಅವನ ಕಡೆ ತಿರುಗಿದಳು. "ನಿಮಗೆ ದುರ್ಗಿಗುಡಿ ಸಾರ್."

"ದುರ್ಗಿಗುಡಿನಾ? ಅಲ್ಲಿ ನಮ್ಮ ಪಕ್ಷಕ್ಕೆ ಏನಿದೆ? ಎಲ್ಲಾ ಅವರ ಕೋಟೆ ಅದು!"

"ನೀವಿದ್ದೀರಲ್ಲ ಸಾರ್. ನಿಮ್ಮ ವೋಟಿರೋದೂ ಅಲ್ಲೇ. ಇಲ್ಲಿ ನಿಂತಾಗ ನಿಮ್ಮ ವೋಟೇ ನಿಮಗೆ ಬೀಳ್ಲಿಲ್ಲ." ಅವಳು ಹಂಗಿಸುತ್ತಿರಲಿಲ್ಲ, ಲೆಕ್ಕ ಹೇಳುವವಳ ಹಾಗೆ ಹೇಳಿದಳು. ಅದೇ ಹೆಚ್ಚು ಉರಿಯಿತು. "ಮೊದಲನೇ ಹೆಸರು ಇವತ್ತು ಸಾಯಂಕಾಲನೇ ಹೇಳ್ಬೇಕು, ಎಲ್ಲಾರೂ. ನಾನು ಫೋನ್ ಮಾಡ್ತೀನಿ."

ವಾಪಸ್ಸು ಬಸ್ಸಿನಲ್ಲಿ ಅವನು ಪಕ್ಷ ಬಿಡುವುದೆಂದು ತೀರ್ಮಾನಿಸಿದ. ಮಾಚೇನಹಳ್ಳಿ ಬರುವ ಹೊತ್ತಿಗೆ, ಬಿಟ್ಟರೆ ಯಾರಿಗೂ ಅದು ಸುದ್ದಿಯೂ ಆಗುವುದಿಲ್ಲ ಎಂಬುದು ಹೊಳೆಯಿತು. ಮಲವಗೊಪ್ಪ ದಾಟುವಾಗ ಬೇರೆ ಯೋಚನೆ ಬಂತು. ಬೀದಿಗೆ ಬೀದಿಯನ್ನೇ ಸದಸ್ಯರನ್ನಾಗಿ ಮಾಡಿ ಆ ಹುಡುಗಿಯ ಮುಖಕ್ಕೆ ರಾಚುವುದು. ನೋಡಮ್ಮ, ಒಂದೇ ಸಂಜೆಗೆ! ಆ ಹಟದಲ್ಲೇ ಬಸ್ಸಿಳಿದು, ಬಿರಬಿರನೆ ನಡೆದು, ಸೀದಾ ಷಡಕ್ಷರಪ್ಪನ ಮೆಟ್ಟಿಲು ಹತ್ತಿದ. ಬೆಲ್ ಒತ್ತಿದ. ಒಳಗಿಂದ ಚಪ್ಪಲಿಯ ಸದ್ದು ಹತ್ತಿರ ಬಂತು. ಆ ಎರಡು ಗಳಿಗೆಯಲ್ಲಿ ಅವನ ಅಂಗೈ ಬೆವರಿತು. ಸಾವಿರಾರು ಅಪರಿಚಿತರ ಬಾಗಿಲು ತಟ್ಟಿದ ಕೈ ಅದು, ಒಂದು ದಿನವೂ ಬೆವರಿರಲಿಲ್ಲ. ಅಲ್ಲಿ ಇಲ್ಲ ಎಂದವರ ಮುಖ ಮರುದಿನ ನೋಡಬೇಕಿರಲಿಲ್ಲ. ತಾನು ಇಷ್ಟು ವರ್ಷ ಬಡವರ ಬೀದಿಗೆ ಹೋದದ್ದು ಬಡವರ ಮೇಲಿನ ಪ್ರೀತಿಗೋ, ಈ ಬೀದಿಯ ಹೆದರಿಕೆಗೋ? ಬಾಗಿಲು ತೆರೆಯಿತು. "ಏನ್ ಸಾರ್? ಬನ್ನಿ ಬನ್ನಿ, ಹುಷಾರಾಗಿದೀರ ತಾನೆ?" ಎಂದ ಷಡಕ್ಷರಪ್ಪ ಗಾಬರಿಯಾಗಿ.

"ಏನಿಲ್ಲ. ಇವತ್ತು ನಿಮ್ಮನೇಲಿ ನೀರು ಬಂತಾ ಅಂತ ಕೇಳೋಣ ಅಂತ."

"ಬಂತಲ್ಲ ಸಾರ್. ನಿಮಗೆ ಬರ್ಲಿಲ್ವಾ?"

"ಬಂತು ಬಂತು," ಎಂದು ಜನಾರ್ದನ ಮೆಟ್ಟಿಲಿಳಿದ.

ಆಚೆ ಮನೆಯ ಗೇಟಿನ ಮುಂದೆ ನಿಂತ, ಒಳಗೆ ಹೋಗಲಿಲ್ಲ. ಅದರಾಚೆಯದು ಅವನ ದೊಡ್ಡಪ್ಪನ ಮಗನ ಮನೆ. ಅಲ್ಲಿ ನಿಲ್ಲಲೂ ಇಲ್ಲ. ಬೀದಿಯ ಕೊನೆಯವರೆಗೂ ನಡೆದು, ತಿರುಗಿ ಬಂದು, ತನ್ನ ಮನೆ ಹೊಕ್ಕು, ಮುಂದಿನ ಕೋಣೆಯ ಬೆಂಚಿನ ಮೇಲೆ ಕುಸಿದು ಕೂತ. ಇನ್ನೇನು ಫೋನ್ ಬರುತ್ತದೆ. ಒಂದು ಹೆಸರೂ ಇಲ್ಲ ಎಂದು ಆ ಹುಡುಗಿಗೆ ಹೇಳಬೇಕು. ಅವಳು ಬೈಯುವುದಿಲ್ಲ, "ಆಯ್ತು ಸಾರ್," ಎನ್ನುತ್ತಾಳೆ. ಆ "ಆಯ್ತು ಸಾರ್" ನೆನೆಸಿಕೊಂಡೇ ಅವನಿಗೆ ಅಳು ಬಂದಂತಾಯಿತು. ಸರಸ್ವತಿ ಹೂ ಕಟ್ಟುತ್ತಿದ್ದವಳು ಹಾಗೇ ಬಾಗಿಲಿಗೆ ಬಂದು ನಿಂತಳು. ಅವಳನ್ನು ನೋಡುತ್ತಿದ್ದಂತೆ ಅವನಿಗೆ ಹೊಳೆಯಿತು. ಇವಳಿದ್ದಾಳಲ್ಲ! ಹೊಳೆದ ಬೆನ್ನಿಗೇ ಇನ್ನೊಂದೂ ಹೊಳೆಯಿತು. ಈ ಕೋಣೆಗೆ ಬಂದವರಿಗೆಲ್ಲ ಇಷ್ಟು ವರ್ಷ ಉಪ್ಪಿಟ್ಟು ಕೆದಕಿದವಳು, ಎಂಜಲು ಲೋಟ ತೊಳೆದವಳು, ಕರಪತ್ರ ಮಡಚಿದವಳು. ಇವಳನ್ನು ಪಕ್ಷಕ್ಕೆ ಸೇರುತ್ತೀಯಾ ಎಂದು ತಾನು ಒಂದು ದಿನವೂ ಕೇಳಿರಲಿಲ್ಲ. ಕೇಳುವುದಿದೆ ಎಂದೇ ಅನ್ನಿಸಿರಲಿಲ್ಲ.

"ನಮ್ಮ ಪಕ್ಷಕ್ಕೆ ಸದಸ್ಯೆ ಆಗ್ತೀಯಾ?" ಎಂದ. ದನಿ ಸಣ್ಣದಾಗಿತ್ತು.

ಸರಸ್ವತಿ ಹೂವಿನ ಗಂಟು ಬಿಗಿದಳು. ನಗಲಿಲ್ಲ, ಹಂಗಿಸಲಿಲ್ಲ. ಯಾರೋ ಹೊಸಬರು ಬಾಗಿಲಿಗೆ ಬಂದು ಕೇಳಿದ್ದರೆ ಹೇಗೆ ಯೋಚಿಸುತ್ತಿದ್ದಳೋ ಹಾಗೇ ಸ್ವಲ್ಪ ಹೊತ್ತು ಯೋಚಿಸಿದಳು.

"ಅಧ್ಯಕ್ಷರು ಈಗ್ಲೂ ನೀವೇನಾ?"

"ಅಲ್ಲ. ಇವತ್ತಿಂದ ಸಂಧ್ಯಾ. ಭದ್ರಾವತಿ ಹುಡುಗಿ."

"ಹಾಗಾದ್ರೆ ಸೇರಿಸಿ," ಎಂದಳು ಸರಸ್ವತಿ.